ಹೂಲಿಯ ಗಿಣಿ ಸತ್ತಿಲ್ಲ

ಹೂಲಿ, ತಾ. ಸವದತ್ತಿ
೧೧-೬-೨೦೨೪

ಕಿತ್ತೂರಿನ ಗೊಂಬಿ ಸುದ್ದಿಯೊಳಗ ಸುದ್ದಿ ಹೇಳೂ ಕುಂಬಳರಾವ್ ಅವರಿಗೆ,

ಪತ್ರಾ ಬರಿಯುವಾಗ ಮೊದಲ ನಾವು ಕ್ಷೇಮ ಅಂತ ಬರೀಬೇಕಂತ. ನಾ ಕ್ಷೇಮ ಇಲ್ಲ. ಸಿಟ್ಟಿನ್ಯಾಗ ಅದೇನಿ. ನೀವು ನನ್ನ ಗಿಣಿ ಕೊಂದೀರಿ.

ನನ್ನ ಹೆಸರು ತಂಗೆವ್ವ. ಹೂಲ್ಯಾಗ ನಂದೊಂದು ಹಿಟ್ಟಿನ ಗಿರಣಿ ಐತಿ. ಸಾಲಿ ಮೂರನೇತ್ತೆಕ್ಕ ಬಿಟ್ಟಾಕಿ. ಅಕ್ಷರ ಸೊಟ್ಟ ಇದ್ರ ನೀವ ಕುತ್ತಿಗಿ ಸೊಟ್ಟ ಮಾಡಿ ಓದ್ರಿ. ಫೋನ್ ಮಾಡಿ ಬೈಬಹುದಿತ್ತು. ಆದ್ರ ಗಿರಣಿ ಸಪ್ಪಳ ನನ್ನ ಕಿವಿ ತಿಂದು ಕುಂತೈತಿ. ಅತ್ತಲಿಂದ ನೀವು ಏನರ ಅಂದ್ರ ನನಗ ಕೇಳೂದಿಲ್ಲ, ಜಗಳಾ ಅರ್ಧಕ್ಕ ನಿಲ್ಲತೈತಿ. ಅದಕ್ಕ ಪತ್ರಾ. ಮಕ್ಕಳು ಚಿತ್ರ ಬರದು ಕಳಸ್ರಿ ಅಂತ ನಿಮ್ಮ ವಿಡಿಯೋದ ಬುಡಕ್ಕ ವಿಳಾಸ ಇತ್ತಲ್ಲ, ಅದಕ್ಕ ಬರದೇನಿ. ಚಿತ್ರಾ ಗಿತ್ರಾ ಇಲ್ಲ.

ಸಂಜೀಕ ಸಾಲಿ ಬಿಟ್ಟ ಮ್ಯಾಲೆ ಹುಡುಗೂರು ಜ್ವಾಳದ ಡಬ್ಬಿ, ಗೋಧಿ ಡಬ್ಬಿ ಹೊತಗೊಂಡು ಬರತಾವ. ಪಾಳೇ ಬರೂತನಕ ಚೀಲದ ಮ್ಯಾಲೆ ಕುಂಡ್ರತಾವ. ನಾ ಕಥಿ ಹೇಳತೇನಿ. ನಮ್ಮ ಕಡೆ ಕಥಿ ಕೇಳವರು ಮಾತಿಗೊಮ್ಮೆ ಹೂಂ ಅನ್ನಬೇಕು. ಹೂಂ ನಿಂತ್ರ ಕಥಿ ನಿಂತಂಗ. ನನ್ನ ಗಿರಣ್ಯಾಗ ಬರೇ ಹೂಂ ಅಂದ್ರ ನಡ್ಯೂದಿಲ್ಲ, ಕಲ್ಲಿನ ಸಪ್ಪಳ ದಾಟಿ ನನ್ನ ಕಿವಿಗೆ ಬೀಳೂವಂಗ ಒದರಬೇಕು. ಒದರದವರ ಡಬ್ಬಿ ನಾ ಕಡೀಕ ಇಡತೇನಿ.

ದೀಪಾವಳಿಯಿಂದ ಒಂದ ಕಥಿ ನಡದೈತಿ. ಏಳು ಸಮುದ್ರದ ಆಚೀಕ ರಾಕ್ಷಸನ ಜೀವಾ ಒಂದು ಗಿಣಿಯೊಳಗ ಐತಿ, ರಾಜಕುಮಾರ ಅದರ ಕುತ್ತಿಗಿ ಹಿಚಕಾಕ ಹೋಗ್ಯಾನ. ನನ್ನ ಗಿಣಿ ಶ್ಯಾಣ್ಯಾ. ಮೊದಲ ಒಂದು ಹಸಿ ಮೆಣಸಿನಕಾಯಿ ತಿನಸು ಅಂತು. ಅಂವ ಅದಕ್ಕಂತ ರಾಮದುರ್ಗದ ಸಂತಿಗೆ ಹೋಗಿ ಬಂದ. ಇದು ಸಪ್ಪಗೈತಿ ಅಂತು. ಮತ್ತ ಹೋದ. ಆಮ್ಯಾಲೆ ನನಗೊಂದು ಜೋಡಿ ನೋಡಿ ಮದಿವಿ ಮಾಡು ಅಂತು. ಈಗ ರಾಜಕುಮಾರ ಊರೂರು ತಿರುಗಿ ಗಿಣಿಗೆ ಹೆಣ್ಣು ನೋಡಾಕ ಹತ್ಯಾನ. ಹಿಂಗ ನಾ ಆ ಗಿಣಿನ್ನ ಜ್ವಾಕೀಲೆ ಬದುಕಿಸಿ ಇಟ್ಟಿದ್ದೆ.

ನಿನ್ನೆ ಮಹಾದೇವ ಅನ್ನೂ ಹುಡುಗ ಅವರವ್ವನ ಮೊಬೈಲ್ ತಂದ. ಅದರಾಗ ನೀವು, ಕುಂಬಳಕಾಯಿ ಮಾರಿಗೆ ಚಾಳೀಸ ಹಾಕ್ಕೊಂಡು, ಟಿವಿ ಪೆಟಿಗ್ಯಾಗ ಕುಂತು, "ಈಗಷ್ಟೇ ಬಂದ ಸುದ್ದಿ! ಗಿಣಿಯ ಕುತ್ತಿಗೆ ಹಿಚುಕಿ ಕೊಲೆ! ಊಟಕ್ಕೆ ಕುಂತಿದ್ದ ರಾಕ್ಷಸ ಪಾಯಸದಾಗ ಬಿದ್ದು ಸಾವು!" ಅಂದ್ರಿ. ಹುಡುಗೂರು ಬಿದ್ದು ಬಿದ್ದು ನಕ್ಕವು. ಮಹಾದೇವ ನನ್ನ ಕಡೆ ತಿರುಗಿ, "ಆಯಿ, ಹೆಣ್ಣ ನೋಡೂದು ಬಿಡು, ವರ ಸತ್ತ" ಅಂದ.

ಗಿಣಿನ್ನ ತಿರುಗಿ ಬದುಕಸ್ರಿ. ಹೆಂಗ ಅಂತ ನನ್ನ ಕೇಳಬ್ಯಾಡ್ರಿ. ಕೊಂದವರು ನೀವು.

ತಂಗೆವ್ವ, ಗಿರಣಿ

*

ಗೊಂಬಿ ಸುದ್ದಿ, ವಾಚನಾಲಯ, ಕಿತ್ತೂರು
೨೦-೬-೨೦೨೪

ಶ್ರೀಮತಿ ತಂಗೆವ್ವ ಅವರಿಗೆ,

ಈಗಷ್ಟೇ ಬಂದ ಸುದ್ದಿ. ಹೂಲಿಯಿಂದ ಬಂದ ಪತ್ರವೊಂದನ್ನು ಓದಿ ಗೊಂಬಿ ಸುದ್ದಿಯ ಸಿಬ್ಬಂದಿ ಹೆದರಿದ್ದಾರೆ. ವರದಿಗಾರ್ತಿ ಇಲಿಬಾಯಿ ಕಾಲುಚೀಲದಿಂದ ಮಾಡಿದವರಾದ್ದರಿಂದ ವಾಪಸು ಕಾಲಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ.

ನಮ್ಮ ವಾಹಿನಿ ನಿಷ್ಪಕ್ಷಪಾತವಾದುದು. ಕಾಗೆಯ ಮನೆ ಮಳೆಗೆ ಕೊಚ್ಚಿ ಹೋದಾಗ ಕಾಗೆಯ ಅಳಲನ್ನೂ ತೋರಿಸಿದ್ದೇವೆ, "ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ, ಬಾಗಿಲು ತೆಗೆಯಲು ತಡವಾಯಿತು" ಎಂಬ ಗುಬ್ಬಿಯ ಹೇಳಿಕೆಯನ್ನೂ ತೋರಿಸಿದ್ದೇವೆ. ಗಿಣಿಯ ಪ್ರಕರಣದಲ್ಲೂ ತಪ್ಪಿಲ್ಲ. ಆ ಕಥೆಯಲ್ಲಿ ಗಿಣಿ ಕೊನೆಗೆ ಸಾಯುತ್ತದೆಂದು ಎಲ್ಲರಿಗೂ ಗೊತ್ತು. ಅಗಲಿದ ಗಿಣಿಗೆ ಮೆಣಸಿನಕಾಯಿಯ ಶ್ರದ್ಧಾಂಜಲಿ.

ತಮ್ಮ ವಿಶ್ವಾಸಿ,
ಕುಂಬಳರಾವ್, ಮುಖ್ಯ ನಿರೂಪಕ

*

ಹೂಲಿ
೨೮-೬-೨೦೨೪

ಕುಂಬಳಕಾಯಿ ಒಳಗ ಕೈ ಹಾಕಿ ಕುಂತವರಿಗೆ,

ಕೈ ಹೊರಗ ತಗೀರಿ. ನಾ ಕಾಯಿಪಲ್ಲೆ ಜೋಡಿ ಮಾತಾಡೂದಿಲ್ಲ.

ಎಲ್ಲರಿಗೂ ಗೊತ್ತು ಅಂತ ಬರದೀರಿ. ಯಾರಿಗೆ ಗೊತ್ತು? ನಮ್ಮ ಓಣ್ಯಾಗಿನ ನಾಗರತ್ನಾಗ ಗೊತ್ತಿದ್ದಿಲ್ಲ. ಆಕಿ ಇನ್ನೂ ಅಂಗನವಾಡಿಗೆ ಹೋಗೂ ಕೂಸು. ಗಿಣಿ ಮದಿವಿಗೆ ಹಾಕ್ಕೋಳಾಕಂತ ಹಸರು ಲಂಗಾ ತಗದ ಇಟ್ಟಿದ್ಲು. ಈಗ ಆ ಲಂಗಾ ಯಾವಾಗ ಹಾಕ್ಕೊಳ್ಳಿ ಅಂತ ನನ್ನ ಕೇಳತಾಳ. ಕುಂಬಳರಾವನ್ನ ಕೇಳು ಅಂದೇನಿ.

ಇನ್ನ ಉಳದವರ ಕಥಿ. ನಾ ಬ್ಯಾರೆ ಕಥಿ ಸುರು ಮಾಡಿದ್ರ ಯಾರೂ ಹೂಂ ಅನ್ನೂದಿಲ್ಲ. ಕೆಟ್ಟ ಟಾರ್ಚು ಮೈಕ್ ಮಾಡಿ ನನ್ನ ಮಾರಿಗೆ ಹಿಡೀತಾವ. "ಒಂದೂರಾಗ ಒಬ್ಬ ರಾಜಾ ಇದ್ದ" ಅಂದ್ರ, "ಯಾವ ಊರು? ಯಾವ ತಾಲೂಕು? ನೋಡಿದವರು ಯಾರು?" ಅಂತಾವ. "ರಾಣಿಗೆ ಏಳು ಮಂದಿ ಮಕ್ಕಳು" ಅಂದ್ರ, "ಈ ಬಗ್ಗೆ ರಾಣಿಯವರು ಏನು ಹೇಳುತ್ತಾರೆ?" ಅಂತಾವ. ರಾಣಿ ಏನ ಹೇಳತಾಳ? ಏಳು ಮಂದಿನ್ನ ಎಬ್ಬಿಸಿ ಮಾರಿ ತೊಳಸೂದರಾಗ ಆಕಿಗೆ ಪುರಸೊತ್ತ ಎಲ್ಲಿದು?

ಮೊನ್ನೆಯಿಂದ ನಾ ಬಾಯಿ ಮುಚ್ಚೇನಿ. ಗಿರಣಿ ನಡೀತೈತಿ, ನಾ ಹಿಟ್ಟ ಹಾಕತೇನಿ, ಹುಡುಗೂರು ಮೊಬೈಲ್ ನೋಡತಾವ. ಡಬ್ಬಿ ತಗೊಂಡು ಹೋಗತಾವ. ದಂಧೆ ಏನೂ ಕಮ್ಮಿ ಆಗಿಲ್ಲ, ರೊಕ್ಕದ ಸಲುವಾಗಿ ಬೈಯಾಕ ಹತ್ತಿಲ್ಲ ನಾ.

ಉತ್ತರ ಬರದ್ರ ನಿಮ್ಮ ಹೆಸರಲೆ ಬರೀರಿ. ಇಲ್ಲಾ ಬರೀಬ್ಯಾಡ್ರಿ.

ತಂಗೆವ್ವ

*

ಕಿತ್ತೂರು
೯-೭-೨೦೨೪

ತಂಗೆವ್ವ ಆಯಿ ಅವರಿಗೆ,

ಕೈ ಹೊರಗೆ ತೆಗೆದಿದ್ದೇನೆ. ನನ್ನ ಹೆಸರು ಭಾವನಾ. ಬಸ್ ಸ್ಟ್ಯಾಂಡ್ ಹತ್ತಿರ ನಂದೊಂದು ಝೆರಾಕ್ಸ್ ಅಂಗಡಿ ಇದೆ. ಕುಂಬಳರಾವ್‌ಗೆ ದನಿ ಕೊಡುವವನು ನನ್ನ ತಮ್ಮ ಸುಮೇಧ. ಬರೆಯುವುದು, ಹೊಲಿಯುವುದು, ಇಲಿಬಾಯಿಯಾಗಿ ಚೀರುವುದು ನಾನು. ಟಿವಿ ಅಂದರೆ ಫ್ರಿಜ್ ಬಂದಿದ್ದ ರಟ್ಟಿನ ಡಬ್ಬಿ. ಭಾನುವಾರ ವಾಚನಾಲಯದಲ್ಲಿ ಮಕ್ಕಳ ಮುಂದೆ ಆಡಿಸಿ, ಅದನ್ನೇ ಮೊಬೈಲಿನಲ್ಲಿ ಹಾಕುತ್ತೇವೆ.

ನಿಮ್ಮ ಮೊದಲ ಪತ್ರ ಓದಿ ನಾವಿಬ್ಬರೂ ನಕ್ಕಿದ್ದು ಖರೆ. ಎರಡನೆಯದನ್ನು ಓದಿದಾಗ ಹಸಿರು ಲಂಗದ ಹತ್ತಿರ ಬಂದು ಸುಮೇಧ ಪತ್ರ ಕೆಳಗಿಟ್ಟ. "ಅಕ್ಕಾ, ನಾವು ಯಾರದೋ ಮದುವೆ ಮುರಿದೀವಲ್ಲ" ಎಂದ.

ನಮ್ಮ ಅಜ್ಜ ಕೃಷ್ಣಾಜಿ ಕೀರ್ತನೆ ಮಾಡುತ್ತಿದ್ದರು. ಎದುರಿಗೆ ಒಬ್ಬರಾದರೂ ತಲೆಯಾಡಿಸದಿದ್ದರೆ ಅವರಿಗೆ ಮುಂದಿನ ಪದ ಬರುತ್ತಿರಲಿಲ್ಲವಂತೆ. ನಿಮ್ಮ ಹೂಂ ಓದಿದಾಗ ಅದು ನೆನಪಾಯಿತು. ನಾವೋ, ಎದುರಿಗೆ ಮಕ್ಕಳು ಕುಂತಿದ್ದರೂ ಮೊಬೈಲಿನ ಕಡೆ ನೋಡಿಕೊಂಡೇ ಆಡಿಸುತ್ತೇವೆ.

ಸುದ್ದಿ ಹೇಳುವವರು ತಪ್ಪು ಮಾಡಿದರೆ ತಿದ್ದುಪಡಿ ಹೇಳಬೇಕು. ಹೇಳುತ್ತೇವೆ. ಆದರೆ ಈ ಸಲ ನಾವೇ ಏನೋ ಕಟ್ಟಿ ಮತ್ತೆ ಕೆಡಿಸುವುದು ಬೇಡ. ನಿಮ್ಮ ಕಥೆಯಲ್ಲಿ ಗಿಣಿಗೆ ಕೊನೆಗೆ ಏನಾಗುತ್ತದೆ? ಅಷ್ಟು ಬರೆದು ಕಳಿಸಿರಿ. ಅದನ್ನೇ ಹೇಳುತ್ತೇವೆ.

ನಿಮ್ಮ,
ಭಾವನಾ

*

ಹೂಲಿ
೨-೮-೨೦೨೪

ಭಾವನಾಗ,

ಪತ್ರಾ ಬಂದು ಮುಟ್ಟೇತಿ. ಈ ಸಲಾ ಮನಷ್ಯಾರು ಬರದಂಗ ಬರದಿ, ಚಲೋ ಆತು.

ಇಲ್ಲಿ ಮಳಿ ಬಿಟ್ಟೂಬಿಡದ ಹತ್ತೇತಿ. ಹೊಲದಾಗ ಹೆಸರಿನ ಬೆಳಿ ಹೂವಿನ್ಯಾಗ ಐತಿ. ಗಿರಣಿ ಪಟ್ಟಾ ಹರದಿತ್ತು, ಬೈಲಹೊಂಗಲದಿಂದ ದುಂಡಪ್ಪನ ಕಡೆ ತರಿಸಿದೆ. ಅಂವ ಗಿಡ್ಡಂದು ತಂದ. ಉದ್ದಂದು ಹೇಳಿದ್ನಲ್ಲೋ ಅಂದ್ರ, "ಎಳದ್ರ ಉದ್ದ ಆಗತೈತಿ ಬಿಡು ತಂಗೆವ್ವಾ" ಅಂತಾನ. ಅಂವನ ಕಿವಿ ಎಳದು ನೋಡೂ ಮನಸ್ಸಿತ್ತು. ಜ್ವಾಳಾ ಒದ್ದಿ ಇದ್ರ ಹಿಟ್ಟು ಕಲ್ಲಿಗೆ ಮೆತಗೋತೈತಿ, ಅದನ್ನ ಕೆರಿಯೂದರಾಗ ಹೊತ್ತು ಹೋಗತೈತಿ. ನಿಮ್ಮ ಝೆರಾಕ್ಸ್ ಮಿಶನ್ನಿಗೆ ಇಂಥಾ ತ್ರಾಸ ಇರಲಿಕ್ಕಿಲ್ಲ.

ಇಲಿಬಾಯಿ ದನ್ಯಾಗ ಭಾಳ ಚೀರತಿ. ಸ್ವಲ್ಪ ತಗ್ಗಸು.

ಕೊನಿ ಕೇಳಿದ್ದಿ. ಬರೀಬೇಕಂತ ಕುಂತಿದ್ದೆ, ಕರೆಂಟ್ ಬಂತು. ಇಡತೇನಿ.

ತಂಗೆವ್ವ

*

ಕಿತ್ತೂರು
೧೬-೮-೨೦೨೪

ತಂಗೆವ್ವ ಆಯಿ ಅವರಿಗೆ,

ಕರೆಂಟ್ ಹೋದಾಗ ಬರೆಯುತ್ತೀರೆಂದು ಕಾಯುತ್ತಿದ್ದೇನೆ. ನಿಮ್ಮ ಕಡೆ ಇತ್ತೀಚೆಗೆ ಕರೆಂಟ್ ಭಾಳ ಚಲೋ ಇರುವಂತೆ ಕಾಣುತ್ತದೆ.

ಅಲ್ಲಿಯವರೆಗೆ ಸುಮ್ಮನಿರಲಾಗದೆ ಒಂದು ಕೆಲಸ ಮಾಡಿದ್ದೇವೆ. ಕಳೆದ ಭಾನುವಾರ ಕುಂಬಳರಾವ್ ಚಾಳೀಸು ಒರೆಸಿಕೊಂಡು, "ಪಂಜರದಲ್ಲಿ ಸಿಕ್ಕದ್ದು ಗಿಣಿಯಲ್ಲ, ಹಸಿರು ಬಣ್ಣದ ಬದನೆಕಾಯಿ ಎಂದು ತಿಳಿದುಬಂದಿದೆ. ಗಿಣಿ ನಾಪತ್ತೆಯಾಗಿದೆ. ಕಂಡವರು ತಿಳಿಸಿ" ಎಂದು ಹೇಳಿದರು. ಸತ್ತ ಗಿಣಿಯನ್ನು ಕಾಣೆಯಾದ ಗಿಣಿ ಮಾಡುವವರೆಗೆ ನಮ್ಮ ಕೈಯಲ್ಲಿ ಆಯಿತು.

ಈಗ ಅಂಗಡಿ ತುಂಬ ಮಕ್ಕಳ ಚಿತ್ರಗಳು. ಕಟಕೋಳದ ಒಬ್ಬ ಹುಡುಗ ತಮ್ಮ ಹೊಲದ ಬೆದರುಗೊಂಬೆಯ ತಲೆಯ ಮೇಲೆ ಕುಂತಿತ್ತು ಎಂದು ಬರೆದಿದ್ದಾನೆ. ಬೈಲಹೊಂಗಲದ ಒಬ್ಬಾಕೆ ಅದು ಬಸ್ಸಿನ ಕಿಟಕಿ ಸೀಟಿಗೆ ಟವೆಲ್ ಹಾಕಿ ಕಾಯ್ದಿರಿಸಿದ್ದನ್ನು ನೋಡಿದ್ದಾಳಂತೆ. ಎಲ್ಲರೂ ಕೇಳುವುದು ಒಂದೇ, ಮುಂದೇನಾಯಿತು?

ಆಯಿ, ನೀವು ಪಟ್ಟಾ, ಜೋಳ, ದುಂಡಪ್ಪ ಎಲ್ಲಾ ಬರೆದಿರಿ. ಗಿಣಿ ಬಿಟ್ಟಿರಿ. ನನ್ನ ಮೇಲೆ ಇನ್ನೂ ಸಿಟ್ಟೇ?

ನಿಮ್ಮ,
ಭಾವನಾ

*

ಹೂಲಿ
೩-೯-೨೦೨೪

ಭಾವನಾ,

ಸಿಟ್ಟು ಗಿಟ್ಟು ಇಲ್ಲ. ಒಂದ ಮಾತು ಹೇಳತೇನಿ, ಇದನ್ನ ಕುಂಬಳಕಾಯಿ ಬಾಯಿಲೆ ಊರಿಗೆಲ್ಲಾ ಡಂಗುರಾ ಹೊಡಿಸಿದಿ ಅಂದ್ರ ಕಿತ್ತೂರಿಗೆ ಬಂದು ಆ ರಟ್ಟಿನ ಡಬ್ಬಿ ಒಲಿಗೆ ಹಾಕತೇನಿ.

ಆ ಕಥಿ ಕೊನಿ ನನಗ ಗೊತ್ತಿಲ್ಲ.

ಅದು ನಮ್ಮವ್ವನ ಅವ್ವ, ಆಯಿ ಯಲ್ಲವ್ವನ ಕಥಿ. ನಾ ಸಣ್ಣಾಕಿದ್ದಾಗ ಆಕಿ ಬೀಸೂ ಕಲ್ಲಿನ ಮುಂದ ಕುಂತು ಜ್ವಾಳಾ ಬೀಸತಿದ್ಲು, ನಾ ಆಕಿ ತೊಡಿ ಮ್ಯಾಲೆ ತಲಿ ಇಟ್ಟು ಮಲಗತಿದ್ದೆ. ಕಲ್ಲು ಗುರ್ ಗುರ್ ಅಂತ ತಿರಗೂದು, ಆಕಿ ಕಥಿ ಹೇಳೂದು, ನಾ ಹೂಂ ಅನ್ನೂದು. ಇವತ್ತ ಕೊನಿತನಕ ಕೇಳಬೇಕು ಅಂತ ಕಣ್ಣಿಗೆ ನೀರ ಹಚಗೊಂಡು ಮಲಗತಿದ್ದೆ. ಆದ್ರ ಎಲ್ಲೋ ಮೆಣಸಿನಕಾಯಿ ಹತ್ರ ಬರೂದ್ರಾಗ ನಿದ್ದಿ ಹತ್ತತಿತ್ತು. ಮುಂಜಾನೆದ್ದು, "ಆಯಿ, ಗಿಣಿ ಸತ್ತಿತೇನ?" ಅಂದ್ರ, "ನೀ ಹೂಂ ಅನ್ನಲಿಲ್ಲ, ನಾ ಹೇಳಲಿಲ್ಲ" ಅಂತಿದ್ಲು. ನಾ ಮೂರನೇತ್ತೆ ಇದ್ದಾಗ ಆಕಿ ಹ್ವಾದ್ಲು. ಮನಿ ಬೀಸೂ ಕೆಲಸಾ ನನಗ ಬಂತು, ಸಾಲಿ ಬಿಡ್ತು.

ಈಗ ತಿಳೀತಿಲ್ಲೋ? ನಾ ಶ್ಯಾಣ್ಯಾತನ ಮಾಡಿ ಗಿಣಿ ಬದುಕಿಸಿ ಇಟ್ಟಿಲ್ಲ. ಮುಂದ ಏನಂತ ಗೊತ್ತಿರಲಾರದ್ದಕ್ಕ ಮೆಣಸಿನಕಾಯಿ ತರಸಾಕ ಹತ್ತಿದ್ದೆ. ನಿನ್ನ ಕುಂಬಳರಾವ ಒಂದ ಮಾತಿನ್ಯಾಗ ಮುಗಿಸಿ ಬಿಟ್ಟ. ಅದಕ್ಕ ನನಗ ಅಷ್ಟು ಸಿಟ್ಟು ಬಂದಿದ್ದು. ಅಂವ ಹೇಳಿದ್ದ ಖರೇ ಇರಬಹುದು ಅನಸ್ತು, ನೋಡು.

ಹುಡುಗೂರು ಈಗ "ಗಿಣಿ ಸಿಕ್ಕಿತೇನ ಆಯಿ?" ಅಂತ ಕೇಳಾಕ ಹತ್ಯಾವ. ನಾಪತ್ತೆ ಮಾಡಿದ್ದು ಚಲೋ ಮಾಡಿದಿ. ನಾ ಮಾತ್ರ ಬಾಯಿ ಬಿಟ್ಟಿಲ್ಲ. ಏನಂತ ಬಿಡ್ಲಿ?

ನೀವಿಬ್ರೂ ಒಮ್ಮೆ ಗೊಂಬಿ ತಗೊಂಡು ಬರ್ರಿ. ಆದ್ರ ಗಿರಣಿ ನಿಲ್ಲಸಂಗಿಲ್ಲ, ಮೊದಲ ಹೇಳಿರತೇನಿ. ಭಾನುವಾರ ಡಬ್ಬಿ ಭಾಳ ಇರತಾವ. ಊಟಕ್ಕ ರೊಟ್ಟಿ, ಎಣಗಾಯಿ. ಖಾರಾ ಆಗಂಗಿಲ್ಲ ಅಂದ್ರ ಮೊಸರು ನೀವ ತರ್ರಿ.

ತಂಗೆವ್ವ

*

ಕಿತ್ತೂರು
೨೩-೯-೨೦೨೪

ತಂಗೆವ್ವ ಆಯಿ ಅವರಿಗೆ,

ನಿಮ್ಮೂರಿಂದ ನಿನ್ನೆ ರಾತ್ರಿ ಕ್ಷೇಮವಾಗಿ ಮುಟ್ಟಿದೆವು. ಬೈಲಹೊಂಗಲದಲ್ಲಿ ಬಸ್ ಬದಲಿಸುವಾಗ ಕಂಡಕ್ಟರ್ ನಮ್ಮ ರಟ್ಟಿನ ಡಬ್ಬಿ ನೋಡಿ, "ಟಿವಿಗೆ ಲಗೇಜ್ ಟಿಕೀಟ್ ಆಗತೈತ್ರಿ" ಎಂದ. ಸುಮೇಧ ಡಬ್ಬಿಯೊಳಗೆ ತಲೆ ಹಾಕಿ, "ಈಗಷ್ಟೇ ಬಂದ ಸುದ್ದಿ, ಇದು ಖಾಲಿ ಡಬ್ಬಿ" ಎಂದು ಓದಿದ. ಇಡೀ ಬಸ್ಸು ನಕ್ಕಿತು. ಟಿಕೀಟು ಮಾತ್ರ ಹರಿದೇ ಕೊಟ್ಟ.

ಸುಮೇಧ ಇನ್ನೂ ಕಿವಿ ಉಜ್ಜಿಕೊಳ್ಳುತ್ತಿದ್ದಾನೆ. ನಮ್ಮ ಜನ್ಮದಲ್ಲಿ ಇಂಥ ಆಟ ಆಡಿಸಿರಲಿಲ್ಲ. ಕುಂಬಳರಾವ್ ಬಾಯಿ ತೆರೆಯುವುದು, ಗಿರಣಿ ಅದನ್ನು ನುಂಗುವುದು. ಮೇಲೆ ಹಿಟ್ಟು ಹಾರಿ ಅವರ ಮೀಸೆ ಬೆಳ್ಳಗಾಗಿ ಮುದುಕರಾದರು. ನೀವೋ ಜರಡಿ ಹಿಡಿದುಕೊಂಡೇ, "ಏ ಕುಂಬಳಾ! ಯಾರೂ ಹೂಂ ಅನ್ನವಲ್ರು, ಯಾರಿಗೆ ಹೇಳಾಕ ಹತ್ತಿ? ನಿಲ್ಲಸು!" ಎಂದು ಗದರಿದಿರಿ. ಸುಮೇಧ ನಿಜಕ್ಕೂ ನಿಲ್ಲಿಸಿಬಿಟ್ಟ. ಆಗ ಮಹಾದೇವ ಒಬ್ಬನೇ "ಹೂಂ!" ಎಂದು ಒದರಿದ. ಆಮೇಲೆ ಎಲ್ಲರೂ. ಒಂದು ಮಾತು, ಒಂದು ಹೂಂ. ನನ್ನ ತಮ್ಮ ಬರೆದುಕೊಂಡು ಬಂದದ್ದನ್ನೆಲ್ಲ ಮರೆತು, ಬಾಯಿಗೆ ಬಂದ ಸುದ್ದಿ ಓದತೊಡಗಿದ. ಗಿಣಿ ಟವೆಲ್ ಹಾಕಿದ ಸೀಟಿಗಾಗಿ ರಾಕ್ಷಸ ಜಗಳ ತೆಗೆದ ಸುದ್ದಿ ನಾನು ಬರೆದದ್ದಲ್ಲ. ಮೊಬೈಲ್ ಹಚ್ಚಲು ಇಬ್ಬರಿಗೂ ನೆನಪೇ ಆಗಲಿಲ್ಲ.

ಕೊನೆಗೆ ಇಲಿಬಾಯಿ ನಿಮ್ಮ ಮುಂದೆ ಟಾರ್ಚು ಹಿಡಿದು, ಕಿವಿಯ ಹತ್ತಿರವೇ ಬಂದು ದನಿ ತಗ್ಗಿಸಿ ಕೇಳಿದಳು. "ತಂಗೆವ್ವನವರೇ, ಗಿಣಿ ಸತ್ತಿದೆಯೋ, ಬದುಕಿದೆಯೋ?" ಮಕ್ಕಳೆಲ್ಲ ನಿಮ್ಮ ಕಡೆ ತಿರುಗಿದರು. ನೀವು ನನ್ನ ಕಡೆ ಒಂದು ಸಲ ನೋಡಿದಿರಿ. ಆಮೇಲೆ, "ಬಸ್ ಬಂತು, ಓಡ್ರಿ!" ಎಂದು ನಮ್ಮನ್ನು ಅಟ್ಟಿದಿರಿ.

ಬಸ್ ಬಂದಿರಲಿಲ್ಲ ಆಯಿ. ನಿಲ್ದಾಣದಲ್ಲಿ ಭಾಳ ಹೊತ್ತು ನಿಂತಿದ್ದೆವು. ನಾವು ಹೋದ ಮೇಲೆ ಏನಾಯಿತು? ಬೇರೆಯವರಿಗೆ ಹೇಳುವುದಿಲ್ಲ. ನನಗೆ ಹೇಳಿರಿ.

ನಿಮ್ಮ,
ಭಾವನಾ

*

ಹೂಲಿ
೫-೧೦-೨೦೨೪

ಭಾವನಾ, ಮಗಳ,

ಬಸ್ ಬಂದಿರಲಿಲ್ಲ ಅಂತ ನನಗೂ ಗೊತ್ತಿತ್ತು. ನಿಮ್ಮ ಮುಂದ ಕಥಿ ಕೆಟ್ಟು ಹೋದ್ರ ನನಗ ನಾಚಿಕಿ ಆಗತಿತ್ತು, ಅದಕ್ಕ ಓಡಿಸಿದೆ. ಮೊಸರಿನ ಗಡಿಗಿ ಇಲ್ಲೇ ಬಿಟ್ಟು ಹೋಗೀರಿ.

ನೀವು ಹೋದ ಮ್ಯಾಲೆ ಹುಡುಗೂರು ನನ್ನ ಬಿಡಲಿಲ್ಲ. ಟಾರ್ಚು ತಂದು ಮತ್ತ ಮಾರಿಗೆ ಹಿಡದ ಮಹಾದೇವ. "ಅದನ್ನ ತಗದು ಹೂಂ ಅನ್ನತಿದ್ರ ಹೇಳತೇನಿ" ಅಂದೆ. ತಗದ. ಹೇಳಾಕ ಸುರು ಮಾಡಿದೆ. ಏನ ಹೇಳತೇನಿ ಅಂತ ನನಗ ಗೊತ್ತಿದ್ದಿಲ್ಲ. ಗಿಣಿಗೆ ಒಂದು ಹೆಣ್ಣ ಸಿಕ್ತು ಅಂದೆ. ಹೂಂ. ಹೆಣ್ಣಗಿಣಿ ಅಂತು, ನಿನ್ನ ಹೊಟ್ಟ್ಯಾಗ ಯಾರದೋ ಜೀವಾ ಐತಿ, ಅದನ್ನ ಇಳಿಸಿ ಬಾ, ಆಮ್ಯಾಲೆ ಮದಿವಿ. ಹೂಂ. ಆತು ಅಂತ ಗಿಣಿ, ಗಿಣಿ ಹಿಂದ ರಾಜಕುಮಾರ, ರಾಕ್ಷಸನ ಮನಿಗೆ ಹೊಂಟ್ರು. ರಾಕ್ಷಸಗ ನೆಗಡಿ ಆಗಿತ್ತು, ಕಂಬಳಿ ಹೊಚಗೊಂಡು ಕುಂತಿದ್ದ. "ತಗೋ ನಿನ್ನ ಜೀವಾ, ನನಗ ಸಂಸಾರ ಐತಿ" ಅಂತು ಗಿಣಿ. "ಈಗ ಬ್ಯಾಡೋ ಮಾರಾಯಾ, ಸೀನಿದ್ರ ಹಾರಿ ಹೋದೀತು, ನೆಗಡಿ ಹೋಗೂತನಕ ಇಟಗೋ" ಅಂದ ರಾಕ್ಷಸ. ಹೂಂ.

ಅಷ್ಟೊತ್ತಿಗೆ ಹೂಂ ಸಣ್ಣದಾಗಿತ್ತು. ನನಗ ಸಿಟ್ಟು ಬಂತು. ಯಾವಾಕಿ ಹೂಂ ಅನ್ನವಲ್ಲಳು ಅಂತ ಒದರಾಕ ತಿರುಗಿದ್ರ, ನಾಗರತ್ನಾ ಗೋಧಿ ಚೀಲದ ಮ್ಯಾಲೆ ಮಲಗಿಬಿಟ್ಟಾಳ. ಹಸರು ಲಂಗಾ ಉಟಗೊಂಡಾಳ. ಬಾಯಿ ತಗದೈತಿ, ಮಾರಿ ಮ್ಯಾಲೆ ಹಿಟ್ಟು ಕುಂತೈತಿ. ಉಳದವರು ಆಕಿನ್ನ ನೋಡಿ ತಾವ ಸುಮ್ಮ ಆಗ್ಯಾವ. ಮಹಾದೇವ ನನ್ನ ಕಿವ್ಯಾಗ ಬಂದು, "ಆಯಿ, ಮುಂದ ಏನಾತು?" ಅಂದ.

"ಆಕಿ ಹೂಂ ಅನ್ನಲಿಲ್ಲ, ನಾ ಹೇಳಲಿಲ್ಲ" ಅಂದೆ.

ಅಂದ ಮ್ಯಾಲೆ ಆ ಮಾತು ಯಾರದು ಅಂತ ನೆನಪಾತು ನೋಡು. ಅಲ್ಲೇ ಚೀಲದ ಮ್ಯಾಲೆ ಕುಂತೆ. ಕಲ್ಲು ಬರಿದ ತಿರಗಾಕ ಹತ್ತಿತ್ತು, ಕಾಳು ಹಾಕೂದು ನೆನಪಿಲ್ಲ. ಯಲ್ಲವ್ವಾಯಿ ಹಿಂಗ ನನ್ನ ಮಾರಿ ನೋಡಿಕೋತ ಬೀಸಿರಬೇಕು. ಭಾವನಾ, ಆಕಿಗೂ ಕೊನಿ ಗೊತ್ತಿದ್ದಿಲ್ಲ! ದಿನಾ ನಾ ಮಲಗೂತನಕ ಆಕಿ ಗಿಣಿನ್ನ ಹಿಂಗ ಎಲ್ಲೆಲ್ಲೋ ತಿರುಗಿಸಿ ತರತಿದ್ಲು. ನಾನೊಬ್ಬಾಕಿ ಹುಚ್ಚಿ, ಕೊನಿ ನನಗ ತಪ್ಪಿ ಹೋತು ಅಂತ ಇಷ್ಟು ವರ್ಷ ಹಳಹಳಿಸಿದೆ. ನಗು ಬಂತು. ಒಬ್ಬಾಕಿನ ನಕ್ಕೆ. ಹುಡುಗೂರು ಆಯಿಗೆ ಹಿಟ್ಟು ಮೂಗಿಗೆ ಹೋಗೇತಿ ಅಂತ ನೀರ ತಂದ ಕೊಟ್ಟವು.

ಮರುದಿನಾ ಸಾಲಿ ಬಿಟ್ಟ ಕೂಡಲೇ ಎಲ್ಲಾ ಬಂದು ಕುಂತಾವ. ಅರ್ಧಾ ಮಂದಿ ಕೈಯಾಗ ಡಬ್ಬಿನ ಇಲ್ಲ. ಡಬ್ಬಿ ಇಲ್ಲದವರು ಯಾಕ ಬಂದ್ರೋ ಅಂದ್ರ, "ರಾಕ್ಷಸನ ನೆಗಡಿ ಹೋತೇನ, ನೋಡಾಕ" ಅಂದವು. ಎಲ್ಲಿ ಹೋಗತೈತಿ? ಥಂಡಿ ದಿನಾ ಇನ್ನ ಮುಂದ ಅದಾವ.

ನಿನ್ನ ಕುಂಬಳರಾವಗ ಹೇಳು. ಗಿಣಿ ಬದುಕೈತಿ. ಹೂಲ್ಯಾಗ ಐತಿ. ಇಷ್ಟ ಸುದ್ದಿ, ಒಗ್ಗರಣಿ ಹಾಕಬ್ಯಾಡ ಅನ್ನು.

ನನ್ನ ಕೈ ನೋಯಾಕ ಹತ್ತೇತಿ. ಇಷ್ಟುದ್ದ ನಾ ಯಾರಿಗೂ ಬರದಾಕಿ ಅಲ್ಲ. ನೀ ಓದಾಕ ಹತ್ತಿದಿಯೋ, ನಡುವ ಮಲಗಿದಿಯೋ, ಇಲ್ಲಿ ಕುಂತು ನನಗ ಹೆಂಗ ತಿಳೀಬೇಕು?

ತಂಗೆವ್ವ

*

(ಅಂಚೆ ಕಾರ್ಡು)

ಕಿತ್ತೂರು
೧೪-೧೦-೨೦೨೪

ಆಯಿ,

ಹೂಂ!

ಭಾವನಾ

ಹೂಂ! — ಸುಮೇಧ

ಹೂಂ! — ಕುಂಬಳರಾವ್ (ಒಳಗೆ ಯಾರ ಕೈಯೂ ಇಲ್ಲ, ಆಣೆ)